ಜರ್ಮನಿಯ ಅಂಬೆಗಾಲು ಕೃಷ್ಣ

ಪಿಂಗಾಣಿ ಗೊಂಬೆ ಕೈಗೆ ಸಿಕ್ಕರೆ ನಾವು ನೀವೆಲ್ಲ ಮೊದಲು ನೋಡುವುದು ಅದರ ಮುಖ. ತಿಳಿದವರು ಹಾಗಲ್ಲ, ಮೊದಲು ಮಗುಚಿ ಬುಡ ನೋಡುತ್ತಾರೆ. ಗೊಂಬೆಯ ಜಾತಕ ಇರುವುದೇ ಅಲ್ಲಿ. ಒಂದು ಮುದ್ರೆ, ಒಂದೆರಡು ಅಂಕಿ, ಕೆಲವೊಮ್ಮೆ ಒಂದು ದೇಶದ ಹೆಸರು. ಬ್ಯಾಂಕಿನಲ್ಲಿ ಚೆಕ್ಕಿನ ಮುಂಭಾಗ ನೋಡಿದ ಮೇಲೆ ಹಿಂಭಾಗ ತಿರುಗಿಸಿ ನೋಡುವುದು ನಮಗೆ ಅಭ್ಯಾಸ ನೋಡಿ, ಇದೂ ಹಾಗೇ!

ಈ ದೇಶದ ಹೆಸರು ಬರೆಯುವ ಪದ್ಧತಿಗೆ ಒಂದು ಕಥೆಯಿದೆ. 19ನೇ ಶತಮಾನದ ಕೊನೆಗೆ ಜರ್ಮನಿಯ ಅಗ್ಗದ ಮಾಲು ಬ್ರಿಟನ್ನಿನ ಮಾರುಕಟ್ಟೆಗೆ ನುಗ್ಗಿತು. ಅಲ್ಲಿನ ಕಾರ್ಖಾನೆಯವರಿಗೆ ಹೊಟ್ಟೆಯುರಿ. 1887ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮರ್ಚಂಡೈಸ್ ಮಾರ್ಕ್ಸ್ ಕಾಯ್ದೆ ಮಾಡಿತು. ವಿದೇಶಿ ಮಾಲಿಗೆ ಇಂಗ್ಲಿಷ್ ಹೆಸರು ಹಾಕಿ ಸ್ವದೇಶಿಯಂತೆ ಮಾರುವಂತಿಲ್ಲ, ಎಲ್ಲಿ ತಯಾರಾಯಿತೆಂದು ಬರೆಯಬೇಕು. ಎರಡು ವರ್ಷ ಬಿಟ್ಟು 1889ರಲ್ಲಿ ಇಂಡಿಯಾಕ್ಕೂ ಅದೇ ಥರದ ಕಾಯ್ದೆ ಬಂತು. ಅಮೆರಿಕದವರು 1890ರ ಮೆಕಿನ್ಲೆ ಸುಂಕದ ಕಾಯ್ದೆಯಲ್ಲಿ ಇನ್ನೂ ಕಟ್ಟುನಿಟ್ಟು ಮಾಡಿ, ಬರುವ ಮಾಲಿನ ಮೇಲೆಲ್ಲ ದೇಶದ ಹೆಸರಿರಬೇಕು ಎಂದರು. 'ಮೇಡ್ ಇನ್ ಜರ್ಮನಿ' ಅನ್ನುವುದು ಮೊದಲು ಹೀಗೆ ಅವಮಾನಕ್ಕೆಂದು ಹಚ್ಚಿದ ಚೀಟಿ. ಆಮೇಲೆ ಅದೇ ಹೆಮ್ಮೆಯ ಮಾತಾಯಿತು, ಅದು ಬೇರೆ ವಿಷಯ.

ಬಿ.ಕಾಂ. ಓದಿದವನಿಗೆ ಗೊಂಬೆಯ ಉಸಾಬರಿ ಯಾಕೆ ಅಂತೀರಾ? ನಮ್ಮ ಮನೆಯಲ್ಲೊಂದು ಗೊಂಬೆಯಿತ್ತು. ಅದಕ್ಕೆ ಜೋಡಿ ಹುಡುಕಲು ಹೋಗಿ ಇಷ್ಟೆಲ್ಲ ಓದಬೇಕಾಯಿತು.

ಅದು ಅಂಬೆಗಾಲಿಕ್ಕುವ ಮಗುವಿನ ಗೊಂಬೆ. ತಲೆಯಿಂದ ಪಾದದವರೆಗೆ ಏಳೂಕಾಲು ಇಂಚು. ಮೈ ಬಣ್ಣ ತಿಳಿ ಗುಲಾಬಿ, ಮೆರುಗಿಲ್ಲ, ಮುಟ್ಟಿದರೆ ಮೊಟ್ಟೆಯ ಚಿಪ್ಪು ಮುಟ್ಟಿದ ಹಾಗೆ. ಬಿಳಿ ಫ್ರಾಕು, ಅದರ ಅಂಚಿಗೆ ನೀಲಿ ರಿಬ್ಬನ್ನು. ಕೃಷ್ಣ ಫ್ರಾಕು ಹಾಕಿಕೊಳ್ಳುತ್ತಾನೆಯೇ? ನಮ್ಮ ಮನೆಯಲ್ಲಿ ಹಾಕಿಕೊಂಡಿದ್ದ! ಮುತ್ತಜ್ಜಿ ಅವನ ಹಣೆಗೆ ಕೆಂಪು ಬಣ್ಣದ ತಿಲಕ ಇಟ್ಟು, ತಲೆಗೆ ಜೇನುಮೇಣದಲ್ಲಿ ನವಿಲುಗರಿಯ ಚೂರು ಅಂಟಿಸಿದ್ದರು. ಅಷ್ಟಕ್ಕೇ ಅವನು ಅಂಬೆಗಾಲು ಕೃಷ್ಣನಾದ. 1912ರಲ್ಲಿ, ಅಜ್ಜಿ ಹುಟ್ಟಿದ ವರ್ಷ, ಮುತ್ತಜ್ಜ ಅವನನ್ನು ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಕೊಂಡು ತಂದರೆಂಬುದು ಮನೆಯ ಮಾತು. ಆ ಪ್ರದರ್ಶನ 1907ರಲ್ಲಿ ಶುರುವಾದದ್ದು, ಹಾಗಾಗಿ ಲೆಕ್ಕವೇನೋ ತಾಳೆಯಾಗುತ್ತದೆ.

ಹಳೇ ಮೈಸೂರಿನವರಿಗೆ ಗೊಂಬೆ ಹಬ್ಬ ಗೊತ್ತೇ ಇದೆ, ಉತ್ತರ ಕರ್ನಾಟಕದ ಗೆಳೆಯರಿಗಾಗಿ ಒಂದು ಮಾತು. ನವರಾತ್ರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ ಜೋಡಿಸುತ್ತೇವೆ. ಮೇಲೆ ಪಟ್ಟದ ಗೊಂಬೆ, ಅಂದರೆ ರಾಜ ರಾಣಿ. ಮದುವೆಯಲ್ಲಿ ಮಗಳಿಗೆ ತವರಿನವರು ಕೊಡುವ ಮರದ ಗೊಂಬೆಗಳವು. ಕೆಳಗೆ ದೇವರು, ಶೆಟ್ಟಿ ಶೆಟ್ಟಿತಿ, ಮದುವೆ ದಿಬ್ಬಣ, ಪ್ರಾಣಿ ಪಕ್ಷಿ. ಗೊಂಬೆಗಳು ತಾಯಿಯಿಂದ ಮಗಳಿಗೆ ಬರುತ್ತವೆ. ಅಜ್ಜಿಯಿಂದ ಅಮ್ಮನಿಗೆ ಬಂದವುಗಳಲ್ಲಿ ಕೆಲವಕ್ಕೆ ಗೆದ್ದಲು ಹಿಡಿಯಿತು, ಕೆಲವು ಮುಂಬಯಿಯ ಮಳೆಗಾಲಕ್ಕೆ ಬಣ್ಣ ಬಿಟ್ಟವು. ಕೊನೆಗೆ ಅಜ್ಜಿಯ ಕೈಯ ಗೊಂಬೆ ಅಂತ ಉಳಿದದ್ದು ಈ ಕೃಷ್ಣನೊಬ್ಬನೇ.

2023ರಲ್ಲಿ ನಮ್ಮ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಯಿತು. ಸಾಮಾನು ಸಾಗಿಸುವವರ ಪೆಟ್ಟಿಗೆ ಲಾರಿಯಿಂದ ಜಾರಿ ಬಿತ್ತು. ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದರೂ ಕೃಷ್ಣನ ಕುತ್ತಿಗೆ ತುಂಡಾಗಿ ಬಲಗೈ ಪುಡಿಯಾಗಿತ್ತು. ಎಂಬತ್ತು ದಾಟಿದ ಅಮ್ಮ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಚೂರುಗಳನ್ನೆಲ್ಲ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟು, "ಈ ಸಲ ಗೊಂಬೆ ಕೂರಿಸೋದು ಬೇಡ ಕಣೋ, ನನಗೂ ವಯಸ್ಸಾಯ್ತು" ಎಂದಳು. ಅದು ನನಗೆ ಸರಿಯಾಗಿ ಕೇಳಿಸಲಿಲ್ಲ. ಗೊಂಬೆ ಕೂರಿಸುವುದನ್ನು ಬಿಟ್ಟ ಮನೆಯಲ್ಲಿ ಹಿರಿಯರು ಒಂದೊಂದನ್ನೇ ಬಿಡುತ್ತಾ ಹೋಗುತ್ತಾರೆ. ಅಂಥದೇ ಇನ್ನೊಂದನ್ನು ಹುಡುಕಲೇಬೇಕು ಅಂತ ಆಗಲೇ ನಿರ್ಧಾರ ಮಾಡಿದೆ.

ಹುಡುಕಬೇಕಾದರೆ ಎಲ್ಲಿಯದೆಂದು ಗೊತ್ತಿರಬೇಕಲ್ಲ? ಅಮ್ಮನ ಪ್ರಕಾರ ಅದು ನಮ್ಮ ಮಹಾರಾಜರ ಪಿಂಗಾಣಿ ಕಾರ್ಖಾನೆಯದು. ಸೋದರಮಾವ ಒಪ್ಪಲಿಲ್ಲ. ಬುಡದಲ್ಲಿ ಉದಯಿಸುವ ಸೂರ್ಯನ ಮುದ್ರೆ ಇರುವುದರಿಂದ ಅದು ಖಂಡಿತ ಜಪಾನಿನದು ಎಂದರು. ಬುಡದಲ್ಲಿ ನಿಜಕ್ಕೂ ಅರ್ಧ ಸೂರ್ಯ, ಅದರ ಕಿರಣ, ಪಕ್ಕದಲ್ಲಿ ಕೆತ್ತಿದ ಅಂಕಿ ಇದ್ದವು. ದೇಶದ ಹೆಸರಿಲ್ಲ.

ಮಹಾರಾಜರ ಕಾರ್ಖಾನೆ ಇದ್ದದ್ದು ನಿಜ. ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಆಸುಪಾಸಿನಲ್ಲಿ ಮೈಸೂರು ಸರ್ಕಾರ 1930ರ ದಶಕದಲ್ಲಿ ಅದನ್ನು ಶುರುಮಾಡಿತು. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ವಿದ್ಯುತ್ತು ಕೊಟ್ಟ ಸಂಸ್ಥಾನ ನಮ್ಮದು. ಕಂಬದ ಮೇಲೆ ತಂತಿ ಎಳೆಯಲು ಪಿಂಗಾಣಿಯ ಇನ್ಸುಲೇಟರು ಬೇಕು, ಕಾರ್ಖಾನೆಯ ಮುಖ್ಯ ಕೆಲಸ ಅದೇ. 1976ರಲ್ಲಿ ಅದು ಬಿ.ಎಚ್.ಇ.ಎಲ್.ಗೆ ಸೇರಿತು. ಆದರೆ 1912ರಲ್ಲಿ ಕೊಂಡ ಗೊಂಬೆ 1930ರ ದಶಕದ ಕಾರ್ಖಾನೆಯಲ್ಲಿ ಹುಟ್ಟುವುದು ಹೇಗೆ? ಅಮ್ಮನ ವಾದ ಅಲ್ಲಿಗೆ ಬಿತ್ತು.

ಸೂರ್ಯನ ಮುದ್ರೆ ಜಪಾನಿನದೂ ಅಲ್ಲ. ಜರ್ಮನಿಯ ತುರಿಂಗಿಯಾ ಪ್ರಾಂತ್ಯದ ಲಿಖ್ಟೆ ಎಂಬ ಊರಿನ ಗೆಬ್ರೂಡರ್ ಹೋಯ್ಬಾಖ್, ಅಂದರೆ ಹೋಯ್ಬಾಖ್ ಸಹೋದರರ ಕಾರ್ಖಾನೆಯದು. ಅವರ ಗೊಂಬೆಗೆ ಇನ್ನೊಂದು ಗುರುತು ಕಣ್ಣು. ಬೇರೆಯವರು ಕಣ್ಣನ್ನು ನುಣುಪು ಮುಖದ ಮೇಲೆ ಬಣ್ಣದಲ್ಲಿ ಬರೆದರೆ, ಇವರು ಕಣ್ಣಿನ ಪಾಪೆಯನ್ನು ಮಣ್ಣಿನಲ್ಲೇ ತಗ್ಗಾಗಿ ಕೊರೆದು, ಬಣ್ಣ ತುಂಬಿ, ಮೇಲೊಂದು ಬಿಳಿ ಚುಕ್ಕೆ ಇಡುತ್ತಿದ್ದರು. ಎಲ್ಲಿ ನಿಂತು ನೋಡಿದರೂ ಮಗು ನಮ್ಮನ್ನೇ ನೋಡಿದಂತೆ ಕಾಣುತ್ತದೆ. "ಕೃಷ್ಣ ನೋಡ್ತಿದಾನೆ, ಸಕ್ಕರೆ ಡಬ್ಬಿಗೆ ಕೈ ಹಾಕಬೇಡ" ಎಂದು ಅಜ್ಜಿ ನಮ್ಮನ್ನು ಹೆದರಿಸುತ್ತಿದ್ದುದು ಸುಮ್ಮನೆ ಅಲ್ಲ!

ಇಂಥ ಗೊಂಬೆಗೆ ಸಂಗ್ರಾಹಕರು ಇಟ್ಟ ಹೆಸರು 'ಪಿಯಾನೋ ಬೇಬಿ'. ಯೂರೋಪು ಅಮೆರಿಕದ ಅನುಕೂಲಸ್ಥರ ಮನೆಯಲ್ಲಿ ಪಿಯಾನೋದ ಮೇಲೆ ಶಾಲು ಹೊದಿಸುತ್ತಿದ್ದರು. ಅದು ಜಾರದಂತೆ ಮೇಲೆ ಇಡುವ ಅಲಂಕಾರದ ಭಾರ ಈ ಮಕ್ಕಳು. ಅಲ್ಲಿ ಶಾಲು ಹಿಡಿಯುವ ಕೆಲಸ, ಇಲ್ಲಿ ಬೆಣ್ಣೆ ಕದಿಯುವ ಕೆಲಸ.

ತುರಿಂಗಿಯಾದಲ್ಲೇ ಇವು ಯಾಕೆ ಹುಟ್ಟಿದವು? ಪಿಂಗಾಣಿಯ ಗುಟ್ಟು ಬಹುಕಾಲ ಚೀನಾ, ಕೊರಿಯಾ, ಜಪಾನಿನವರ ಕೈಯಲ್ಲಿತ್ತು. ಸ್ಯಾಕ್ಸನಿಯ ದೊರೆ ಆಗಸ್ಟಸ್, ಚಿನ್ನ ಮಾಡುತ್ತೇನೆ ಎಂದು ಹೇಳಿಕೊಂಡಿದ್ದ ಬೋಟ್ಗರ್ ಎಂಬ ತರುಣನನ್ನು ಕಾವಲಿನಲ್ಲಿ ಕೂಡಿಹಾಕಿದ್ದ. ಚಿನ್ನ ಬರಲಿಲ್ಲ, ಚಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆ ಮಾಡಿದ ಪ್ರಯೋಗದಲ್ಲಿ ಪಿಂಗಾಣಿ ಬಂತು. 1710ರಲ್ಲಿ ಮೈಸೆನ್ ಕಾರ್ಖಾನೆ ತೆರೆಯಿತು. ಗುಟ್ಟು ಎಷ್ಟು ದಿನ ಗುಟ್ಟಾಗಿದ್ದೀತು? ಅದೇ ಶತಮಾನದಲ್ಲಿ ಪಕ್ಕದ ತುರಿಂಗಿಯಾದಲ್ಲೂ ಕಾರ್ಖಾನೆಗಳು ಎದ್ದವು. ಆವಿಗೆಗೆ ಬೇಕಾದ ಸೌದೆ ಕಾಡಿನಲ್ಲಿ ಬೇಕಾದಷ್ಟಿತ್ತು. ಹತ್ತಿರದ ಸೊನ್ನೆಬರ್ಗ್ ಸುತ್ತಮುತ್ತ ಮನೆ ಮನೆಯಲ್ಲೂ ಗೊಂಬೆಯ ಕೆಲಸ. ಹೆಂಗಸರು, ಪುಟ್ಟ ಮಕ್ಕಳು ಕೂಡ ರಾತ್ರಿಯವರೆಗೆ ಕೂತು ಮಾಡುತ್ತಿದ್ದರು, ಕೂಲಿ ಮಾತ್ರ ಅಷ್ಟಕ್ಕಷ್ಟೆ. ಬೇರೆ ಮಕ್ಕಳ ಆಟಿಕೆ ಮಾಡುತ್ತಾ ಆಡುವ ವಯಸ್ಸು ಕಳೆದುಕೊಂಡವರು ಅಲ್ಲಿ ಎಷ್ಟಿದ್ದರೋ.

ಇನ್ನು ಅವು ಇಲ್ಲಿಗೆ ಬಂದದ್ದು. ಆಗ ಜರ್ಮನಿಗೂ ನಮಗೂ ಬಳಕೆ ಸಾಕಷ್ಟಿತ್ತು. ರಾಜಾ ರವಿವರ್ಮ 1894ರಲ್ಲಿ ಇದೇ ಮುಂಬಯಿಯಲ್ಲಿ ಶುರುಮಾಡಿ, ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋದ ಅಚ್ಚುಕೂಟದ ಯಂತ್ರಗಳು ಜರ್ಮನಿಯವು, ಅವನ್ನು ನಡೆಸಲು ಬಂದ ತಂತ್ರಜ್ಞರೂ ಜರ್ಮನ್ನರು. ನಮ್ಮ ಅಜ್ಜಿಯರು ಕೈಮುಗಿದ ಲಕ್ಷ್ಮಿ ಸರಸ್ವತಿಯರ ಪಟ ಅಲ್ಲಿಂದ ಬಂದವು. ರವಿವರ್ಮನ ಚಿತ್ರಗಳನ್ನೇ ಅನುಸರಿಸಿ ಜರ್ಮನಿಯ ಕಾರ್ಖಾನೆಗಳು ನಮ್ಮ ದೇವರ ಪಿಂಗಾಣಿ ಮೂರ್ತಿ ಮಾಡಿ ಕಳಿಸಿದ್ದೂ ಉಂಟು. ಹೀಗಿರುವಾಗ ಫ್ರಾಕು ತೊಟ್ಟ ಮಗು ಮೈಸೂರಿಗೆ ಬಂದು ಕೃಷ್ಣನಾಗುವುದರಲ್ಲಿ ಆಶ್ಚರ್ಯವೇನು?

1914ರ ಆಗಸ್ಟಿನಲ್ಲಿ ಯುದ್ಧ ಶುರುವಾಗಿ ಜರ್ಮನಿಯ ಮಾಲು ನಿಂತಿತು. ಅದೇ ವರ್ಷ ಸೆಪ್ಟೆಂಬರ್ 22ರ ರಾತ್ರಿ ಎಂಡೆನ್ ಎಂಬ ಜರ್ಮನ್ ಹಡಗು ಮದರಾಸಿನ ಮೇಲೆ ಗುಂಡು ಹಾರಿಸಿತಲ್ಲ, ಅದು ನವರಾತ್ರಿಯ ದಿನಗಳು. ಗೊಂಬೆ ಕಳಿಸುತ್ತಿದ್ದ ದೇಶದಿಂದ ಗೊಂಬೆ ಕೂರಿಸಿದ್ದ ಊರಿಗೆ ಆ ಸಲ ಬಂದದ್ದು ಗುಂಡು. ಖಾಲಿಯಾದ ಅಂಗಡಿಯನ್ನು ಜಪಾನ್ ತುಂಬಿತು. ನಗೋಯಾ ಹತ್ತಿರದ ಸೆಟೊ ಎಂಬ ಕುಂಬಾರರ ಊರು ಜರ್ಮನ್ ಗೊಂಬೆಗಳ ಮಾದರಿ ನೋಡಿ ತಾನೂ ಮಾಡಲು ಕಲಿಯಿತು. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿದಾಗ ಆ ದಾರಿಯೂ ಮುಚ್ಚಿತು. ಸ್ವಾತಂತ್ರ್ಯ ಬಂದ ಮೇಲೆ ಆಮದಿಗೆ ಲೈಸೆನ್ಸು. ಯಂತ್ರಕ್ಕೆ, ಗೋಧಿಗೆ ಸಾಲದ ವಿದೇಶಿ ವಿನಿಮಯದಲ್ಲಿ ಪಿಂಗಾಣಿ ಮಗು ತರಿಸಲು ಯಾರು ಬಿಟ್ಟಾರು? ಗ್ರಾಹಕ ವಸ್ತುಗಳ ಮೇಲಿನ ಆ ನಿರ್ಬಂಧ ಪೂರ್ತಿ ತೆಗೆದದ್ದು 2001ರ ಏಪ್ರಿಲ್ 1ರಂದು.

ಈ ಇತಿಹಾಸದಿಂದ ನನಗೊಂದು ಉಪಕಾರವಾಯಿತು. ನಮ್ಮ ಕೃಷ್ಣನ ಅಣ್ಣತಮ್ಮಂದಿರು ಭಾರತದಲ್ಲಿ ಇದ್ದರೆ ಅವರು 1914ಕ್ಕೆ ಮುಂಚೆ ಬಂದಿಳಿದವರೇ ಆಗಿರುವ ಸಂಭವ ಹೆಚ್ಚು. ಆ ಕಾಲದಲ್ಲಿ ವಿದೇಶಿ ಮಾಲು ಯಾರ ಮನೆಗೆ ಹೋಗುತ್ತಿತ್ತೋ ಅಲ್ಲಿ ಹುಡುಕಬೇಕು. ಮುಂಬಯಿಯ ಪಾರ್ಸಿಗಳ ಗಾಜಿನ ಬೀರು, ಬೆಂಗಳೂರಿನ ದಂಡು, ಮದರಾಸಿನ ಕಡೆ ಚೆಟ್ಟಿಯಾರರ ದೊಡ್ಡ ಮನೆಗಳು.

ಮೊದಲು ಚೋರ್ ಬಜಾರಿನ ಮಟನ್ ಸ್ಟ್ರೀಟು. ಹೆಸರು ಕೇಳಿ ಹೆದರಬೇಡಿ, ಅಲ್ಲಿ ಈಗ ಮಾರುವುದು ಹಳೇ ಗ್ರಾಮಫೋನು, ಸಿನಿಮಾ ಪೋಸ್ಟರು, ದೀಪದ ಗುಂಡು. ನಾಲ್ಕನೇ ಭಾನುವಾರ ಒಂದು ಅಂಗಡಿಯ ಮೂಲೆಯಲ್ಲಿ ಅದೇ ಮಗು ಕಂಡಿತು! ಅದೇ ಫ್ರಾಕು, ನೀಲಿ ರಿಬ್ಬನ್ನು, ಎತ್ತಿದ ಗಲ್ಲ. ಎದೆ ಡವಡವ. ಅಂಗಡಿಯ ಹಿರಿಯ ಚಾಚಾ ಎಂಟು ಸಾವಿರ ಎಂದರು. ಜೇಬಿನಲ್ಲಿದ್ದ ಟೇಪು ತೆಗೆದು ಅಳೆದೆ. ಆರೂಕಾಲು ಇಂಚು.

ಒಂದು ಇಂಚು ಎಲ್ಲಿ ಹೋಯಿತು? ಇದನ್ನು ತಿಳಿಯಲು ಗೊಂಬೆ ಮಾಡುವ ಬಗೆ ಗೊತ್ತಿರಬೇಕು. ಬಿಳಿ ಜೇಡಿ, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿಯನ್ನು ನೀರಿನಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ ಪ್ಲಾಸ್ಟರಿನ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚು ನೀರು ಹೀರಿಕೊಂಡು ಒಳಗೋಡೆಗೆ ಒಂದು ಪದರ ಹಿಡಿಯುತ್ತದೆ. ಮಿಕ್ಕಿದ್ದನ್ನು ಬಗ್ಗಿಸಿ ಸುರಿದರೆ ಟೊಳ್ಳು ಗೊಂಬೆ ಸಿದ್ಧ. ಅದು ಒಣಗುವಾಗ ಸ್ವಲ್ಪ, 1,400 ಡಿಗ್ರಿ ಆಸುಪಾಸಿನ ಬೆಂಕಿಯಲ್ಲಿ ಇನ್ನಷ್ಟು ಕುಗ್ಗುತ್ತದೆ. ಒಟ್ಟಿನಲ್ಲಿ ಏಳರಲ್ಲೊಂದು ಪಾಲು ಕಮ್ಮಿಯಾಗುವುದು ಸಾಮಾನ್ಯ. ಮೂಲ ಕಾರ್ಖಾನೆಯವನು ಅದನ್ನು ಲೆಕ್ಕ ಹಿಡಿದೇ ಅಚ್ಚನ್ನು ದೊಡ್ಡದು ಮಾಡಿರುತ್ತಾನೆ. ನಕಲು ಮಾಡುವವನ ಹತ್ತಿರ ಮೂಲ ಅಚ್ಚಿರುವುದಿಲ್ಲ. ಅವನು ಸುಟ್ಟು ಕುಗ್ಗಿದ ಗೊಂಬೆಯಿಂದಲೇ ಅಚ್ಚು ತೆಗೆಯುತ್ತಾನೆ. ಅದರಲ್ಲಿ ಹೊಯ್ದದ್ದು ಮತ್ತೊಮ್ಮೆ ಕುಗ್ಗುತ್ತದೆ! ಏಳೂಕಾಲರಲ್ಲಿ ಏಳನೇ ಒಂದು ಪಾಲು ಕಳೆಯಿರಿ, ಆರೂಕಾಲು ಬಿಡದೆ ಬರುತ್ತದೆ. ಕಣ್ಣನ್ನು ನೋಡಿದರೆ ಪಾಪೆ ಕೊರೆದಿರಲಿಲ್ಲ, ಬರೀ ಬಣ್ಣ. ಇಂಥ ಪಿಯಾನೋ ಮಕ್ಕಳ ನಕಲನ್ನು ಎರಡನೇ ಯುದ್ಧದ ನಂತರ ಜಪಾನಿನಲ್ಲಿ ಬೇಕಾದಷ್ಟು ಮಾಡಿದರು. ಚಾಚಾಗೆ ನಮಸ್ಕಾರ ಹೇಳಿ ಬಂದೆ. ಅವರು ಬೇಜಾರು ಮಾಡಿಕೊಳ್ಳದೆ ಚಹಾ ಕುಡಿಸಿಯೇ ಕಳಿಸಿದರು.

ಬೆಂಗಳೂರಿನಲ್ಲಿ ತಂಗಿಯ ಮಗ ಹುಡುಕಿದ. ಸಿಕ್ಕಿದ ಎರಡೂ ಮಕ್ಕಳು ಕೂತಿದ್ದವು, ಅಂಬೆಗಾಲಿನವಲ್ಲ. ಕೊನೆಗೆ ಕೈ ಹಿಡಿದದ್ದು ಬ್ಯಾಂಕಿನ ವರ್ಗಾವಣೆ! ನಮಗೆ ಊರೂರಲ್ಲಿ ಒಬ್ಬ ಬ್ಯಾಚ್‌ಮೇಟ್ ಇರುತ್ತಾನಲ್ಲ, ಒಬ್ಬ ಕಾರೈಕುಡಿಯಲ್ಲಿದ್ದ. ಚೆಟ್ಟಿಯಾರರು ಬರ್ಮಾ, ಮಲಯಾಗಳಲ್ಲಿ ಲೇವಾದೇವಿ ಮಾಡಿ, ಬರ್ಮಾದ ತೇಗ, ಇಟಲಿಯ ಅಮೃತಶಿಲೆ, ಬೆಲ್ಜಿಯಂ ಕನ್ನಡಿ ತರಿಸಿ ಅರಮನೆಯಂಥ ಮನೆ ಕಟ್ಟಿದ ಸೀಮೆ ಅದು. ಪಾಲು ಆದಾಗ, ಮನೆ ಕೆಡವಿದಾಗ ಸಾಮಾನೆಲ್ಲ ಅಲ್ಲಿನ ಹಳೇ ಸಾಮಾನಿನ ಅಂಗಡಿಗಳಿಗೆ ಬರುತ್ತದೆ. ಗೆಳೆಯ ಊಟದ ಬಿಡುವಿನಲ್ಲಿ ಅಂಗಡಿ ಸುತ್ತಿ, ಗೊಂಬೆಯ ಪಕ್ಕ ಸ್ಕೇಲು ಇಟ್ಟು ಫೋಟೋ ಕಳಿಸಿದ. ಏಳೂಕಾಲು ಇಂಚು. ಕೊರೆದ ಕಣ್ಣು. ಬುಡದಲ್ಲಿ ಸೂರ್ಯ, ನಮ್ಮದರದ್ದೇ ಅಂಕಿ. ಒಂದೇ ವ್ಯತ್ಯಾಸ, ರಿಬ್ಬನ್ನು ನೀಲಿಯಲ್ಲ, ಗುಲಾಬಿ. ಒಂದೇ ಅಚ್ಚಿನಿಂದ ಬಂದರೂ ಬಣ್ಣ ಹಾಕುವ ಕೈ ಬೇರೆ ಬೇರೆಯಲ್ಲವೇ?

ಅದು ಮನೆ ಸೇರುವ ಮುಂಚೆಯೇ ಜಗಳ ಶುರು. ತಮ್ಮ, "ರಿಬ್ಬನ್ನಿಗೆ ನೀಲಿ ಬಣ್ಣ ಬಳಿಸು, ತಿಲಕ ಇಡು, ಅಮ್ಮನಿಗೆ ಕಣ್ಣು ಮಂಜು, ಗೊತ್ತಾಗಲ್ಲ. ರಿಪೇರಿ ಮಾಡಿಸಿದ್ವಿ ಅನ್ನು" ಎಂದ. ಅವನದೂ ಅಮ್ಮನ ಮೇಲಿನ ಪ್ರೀತಿಯೇ, ಇಲ್ಲವೆನ್ನಲಾರೆ. ಆದರೆ ಮೂವತ್ತು ವರ್ಷ ಸಹಿ ತಾಳೆ ನೋಡಿದವನಿಗೆ ಈ ಫೋರ್ಜರಿ ಒಗ್ಗಲಿಲ್ಲ. ನಕಲನ್ನು ಕಂಡು ಹಿಡಿಯಲು ಒಂದು ವರ್ಷ ಅಲೆದು, ಕೊನೆಗೆ ನಾನೇ ಒಂದು ನಕಲು ಮಾಡುವುದೇ?

ಇದ್ದದ್ದು ಇದ್ದ ಹಾಗೆ ಅಮ್ಮನ ಕೈಗೆ ಕೊಟ್ಟು ಎಲ್ಲ ಹೇಳಿದೆ. ಜರ್ಮನಿ, ಸೂರ್ಯ, ಏಳರಲ್ಲೊಂದು ಪಾಲು, ಕಾರೈಕುಡಿ. ಅವಳು ಮಹಾರಾಜರ ಕಾರ್ಖಾನೆಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ ಅನ್ನಿ. ಮಗುವಿನ ಬೆನ್ನು, ಪಾದ, ಕಣ್ಣಿನ ತಗ್ಗುಗಳನ್ನೆಲ್ಲ ಬೆರಳಲ್ಲಿ ತಡವಿ ನೋಡಿದಳು. ಅಮೇಲೆ ಹೇಳಿದ್ದು ಇಷ್ಟೇ. "ಇವನು ನಮ್ಮವನಲ್ಲ ಕಣೋ. ನಮ್ಮವನ ಅಣ್ಣ. ಬಲರಾಮ ಇರಬೇಕು."

ಹಾರ್ಲಿಕ್ಸ್ ಬಾಟಲಿಯ ಚೂರುಗಳನ್ನು, ಪಿಂಗಾಣಿ ಸಾಮಾನು ಸರಿಪಡಿಸುವುದು ತಿಳಿದವರೊಬ್ಬರಿಗೆ ಕೊಟ್ಟೆವು. ಅಂಗಡಿಯಲ್ಲಿ ಸಿಗುವ ಎಪಾಕ್ಸಿ ಅಂಟು ಕಾಲಾಂತರದಲ್ಲಿ ಹಳದಿಗಟ್ಟುತ್ತದೆ, ಬಿಡಿಸಲೂ ಬಾರದು. ಸಂಗ್ರಹಾಲಯದವರು ಬಳಸುವ ಅಂಟು ಬೇಕೆಂದಾಗ ಕರಗಿಸಿ ಬಿಡಿಸಬಹುದಾದದ್ದು. ಅದರಲ್ಲೇ ಕುತ್ತಿಗೆ ಕೂಡಿಸಿದರು. ಬಲಗೈ ಇಲ್ಲ. ಹೊಸದು ಮಾಡಿಕೊಡುತ್ತೇವೆ ಎಂದರು, ಅಮ್ಮ ಬೇಡವೆಂದಳು. 2024ರ ನವರಾತ್ರಿಯಲ್ಲಿ ಒಂದೇ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಒಂದು ಕೈ ಇಲ್ಲದ ನೀಲಿ ರಿಬ್ಬನ್ನಿನ ಕೃಷ್ಣ, ಅವನ ಪಕ್ಕ ಗುಲಾಬಿ ರಿಬ್ಬನ್ನಿನ ಬಲರಾಮ. ಅರಿಶಿನ ಕುಂಕುಮಕ್ಕೆ ಬಂದ ಅಕ್ಕಪಕ್ಕದ ಮರಾಠಿ ಹೆಂಗಸರಿಗೆಲ್ಲ ಅಮ್ಮ ತನ್ನ ಹರುಕು ಮುರುಕು ಮರಾಠಿಯಲ್ಲಿ, ಇವನು ಮೈಸೂರಿನವನು, ಇವನು ಕಾರೈಕುಡಿಯಿಂದ ಬಂದವನು, ಇಬ್ಬರೂ ಹುಟ್ಟಿದ್ದು ಜರ್ಮನಿಯಲ್ಲಂತೆ ಎಂದು ಕಥೆ ಹೇಳಿದಳು. 'ಅಂತೆ' ಎನ್ನುವಾಗ ನನ್ನ ಕಡೆ ಒಂದು ನೋಟ!

ಕಳೆದುಹೋದದ್ದಕ್ಕೆ ಬದಲಿ ತರುತ್ತೇನೆ ಎಂದು ಹೊರಟವನು ತಂದದ್ದು ಬದಲಿಯನ್ನಲ್ಲ, ನೆಂಟನನ್ನು. ಅಚ್ಚು ಒಂದೇ ಇರಬಹುದು, ಆದರೆ ಮುತ್ತಜ್ಜಿ ಇಟ್ಟ ತಿಲಕ, ಅಜ್ಜಿ ಹಾಕಿದ ಹೆದರಿಕೆ, ನೂರಾಹತ್ತು ವರ್ಷ ಒರೆಸಿದ ಕೈಗಳು ಯಾವ ಕಾರ್ಖಾನೆಯ ಅಚ್ಚಿಗೂ ಸಿಗುವುದಿಲ್ಲ. ಪಿಂಗಾಣಿ ಮಾತ್ರವಲ್ಲ, ಊರು ಬಿಟ್ಟು ಬಂದ ನಮಗೆ ಇಲ್ಲಿ ಸಿಗುವ ಎಷ್ಟೋ ಸಂಗತಿಗಳು ಹೀಗೇ ಇರಬೇಕು.

ಈ ಸಲ ಗೊಂಬೆ ಪೆಟ್ಟಿಗೆ ತೆಗೆದಾಗ ನೀವೂ ಒಂದೊಂದನ್ನೇ ಮೆಲ್ಲಗೆ ಮಗುಚಿ ಬುಡ ನೋಡಿ. ಇರುವುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಎಷ್ಟು ಇಂಚು, ಯಾವ ಮುದ್ರೆ, ಯಾರು ಎಲ್ಲಿ ಕೊಂಡದ್ದು. ಮನೆಯಲ್ಲಿ ಹಿರಿಯರಿದ್ದರೆ ಅವರು ಹೇಳುವುದನ್ನೂ ಬರೆದುಕೊಳ್ಳಿ, ತಪ್ಪಿದ್ದರೂ ಪರವಾಗಿಲ್ಲ. ಬುಡದ ಮುದ್ರೆ ಇನ್ನೂ ನೂರು ವರ್ಷ ಹಾಗೇ ಇರುತ್ತದೆ. ಹೇಳುವವರು ಇರುವುದಿಲ್ಲ.